ಸೊಪ್ಪಿಗೆ ತಾಗದ ಹೊಗೆ

ನಮ್ಮ ಮನೆಗೆ ಯಾರೇ ದೊಡ್ಡ ಮನುಷ್ಯರು ಬರಲಿ, ಅಪ್ಪ ಅವರನ್ನು ಮೊದಲು ಕರೆದೊಯ್ಯುತ್ತಿದ್ದದ್ದು ಮನೆಯೊಳಕ್ಕಲ್ಲ, ಮನೆಯ ಪಕ್ಕದ ಬ್ಯಾರನ್ನಿಗೆ. ಕಾಲು ತೊಳೆಯಲು ನೀರು, ಕುಡಿಯಲು ಮಜ್ಜಿಗೆ ಎಲ್ಲ ಆಮೇಲೆ. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಕಾಯಿಸಿ ಹದ ಮಾಡುವ ಎತ್ತರದ ಮಣ್ಣುಗೋಡೆಯ ಚೌಕ ಕೋಣೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಒಳಗಿದ್ದ ನಮ್ಮೂರಿನಲ್ಲಿ ಆಗ ಅಂಥದ್ದು ಇದ್ದದ್ದು ನಮ್ಮದೊಂದೇ. ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ನೆಲದ ಮೇಲೆ ಸುತ್ತಿಕೊಂಡು ಹೋಗಿದ್ದ ದಪ್ಪ ತಗಡಿನ ಕೊಳವೆ. ಗೋಡೆಯಾಚೆಗಿದ್ದ ಒಲೆಯಲ್ಲಿ ಸೌದೆ ಉರಿದರೆ ಝಳವೂ ಹೊಗೆಯೂ ಆ ಕೊಳವೆಯನ್ನು ಹೊಕ್ಕು, ಕೋಣೆಯನ್ನೆಲ್ಲ ಬಳಸಿ, ಇನ್ನೊಂದು ಗೋಡೆಯನ್ನು ತೂರಿ ಚಿಮಣಿಯಿಂದ ಆಕಾಶಕ್ಕೆ ಹೋಗುತ್ತಿದ್ದವು. ಮೇಲೆ ಅಡ್ಡಗಳುಗಳಿಗೆ ಸಾಲುಸಾಲಾಗಿ ತೂಗುಹಾಕಿದ್ದ ಸೊಪ್ಪಿಗೆ ಸಿಗುತ್ತಿದ್ದದ್ದು ಬರಿಯ ಶಾಖ. ಅಪ್ಪ ಎದೆ ಸೆಟೆಸಿ ನಿಂತು ಹೇಳುತ್ತಿದ್ದ:

"ನೋಡಿ ಸ್ವಾಮಿ, ಬೆಂಕಿ ಆಚೆಗಡೆ. ಹೊಗೆ ಈ ಕೊಳವೆ ಒಳಗೇ ಬಂದು ಒಳಗೇ ಓಯ್ತದೆ. ಬಿಸಿ ಗಾಳಿ ಅಗುರ, ಮ್ಯಾಲಕ್ಕೇರ್ತದೆ. ಚಿಮಣಿ ಅದನ್ನ ಎಳ್ಕತದೆ. ಸೊಪ್ಪಿಗೆ ಒಂದೆಳೆ ಹೊಗೆ ತಾಗಂಗಿಲ್ಲ. ಇದು ಸೈನ್ಸು!"

ಇದನ್ನು ಅಪ್ಪ ಕಂಪನಿಯವರಿಂದ ಕಲಿತಿದ್ದ. ವರ್ಜೀನಿಯಾ ಸೊಪ್ಪನ್ನು ನಮ್ಮ ಸೀಮೆಯ ರೈತರಿಂದ ಕೊಳ್ಳುತ್ತಿದ್ದ ಆ ಕಂಪನಿಯ ಇನ್ಸ್‌ಪೆಕ್ಟರು ಬ್ಯಾರನ್ನಿನ ಗೋಡೆ ಎಷ್ಟು ದಪ್ಪ, ಒಲೆಯ ಬಾಯಿ ಎಷ್ಟಗಲ, ಚಿಮಣಿ ಮಾಡಿಗಿಂತ ಎಷ್ಟು ಮೇಲಿರಬೇಕು ಎಲ್ಲವನ್ನೂ ತಿದ್ದಿ ತೀಡಿ ಕಲಿಸಿದ್ದ. ಅಪ್ಪ ಚೆನ್ನಾಗಿಯೇ ಕಲಿತ. ಸೊಪ್ಪು ಹಳದಿಗೆ ತಿರುಗುವ ತನಕ ಬೆಚ್ಚಗೆ, ಬಣ್ಣ ನಿಲ್ಲುವಾಗ ಇನ್ನೂ ಬಿಸಿ, ಕೊನೆಗೆ ಎಲೆಯ ನಡುನರ ಲಟಕ್ಕೆಂದು ಮುರಿಯುವ ತನಕ ಕಡುಬಿಸಿ. ಗೋಡೆಯಲ್ಲಿ ಕೂರಿಸಿದ ಗಾಜಿನ ಬಿಲ್ಲೆಯೊಳಗಿಂದ ಇಣುಕಿ ತೂಗುಬಿಟ್ಟ ಥರ್ಮಾಮೀಟರು ನೋಡಿ ಸೌದೆ ಹೆಚ್ಚು ಕಡಿಮೆ ಮಾಡಿಸುತ್ತಿದ್ದ. ಇದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ಪಾಪ, ಹಳ್ಳಿಯ ಮನುಷ್ಯ, ಅವನಿಗೆ ತಿಳಿದಿರಲಿಲ್ಲ ಎಂದು ಕ್ಷಮಿಸಿಬಿಡುವ ದಾರಿಯನ್ನು ಅಪ್ಪ ನನಗೆ ಉಳಿಸಲಿಲ್ಲ. ಅವನಿಗೆ ಎಲ್ಲ ತಿಳಿದಿತ್ತು. ಹೊಗೆ ಎಂದರೇನು, ಅದು ಎತ್ತ ಹೋಗುತ್ತದೆ, ಅದನ್ನು ಹೇಗೆ ಕಳಿಸಬೇಕು ಎಂಬುದನ್ನು ಆ ಸುತ್ತಿನಲ್ಲಿ ಅವನಷ್ಟು ತಿಳಿದವರು ಇರಲಿಲ್ಲ. ಆ ತಿಳಿವಳಿಕೆಯನ್ನು ಹೊತ್ತುಕೊಂಡೇ ಅವನು ದಿನಕ್ಕೆರಡು ಹೊತ್ತು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ತಟ್ಟೆ ಕೇಳುತ್ತಿದ್ದ.

ಆ ಅಡುಗೆಮನೆ ಮನೆಯ ಹಿಂಬದಿಯ ಮೂಲೆಯಲ್ಲಿತ್ತು. ಹಿತ್ತಿಲ ಕಡೆಗೆ ತಲೆ ತೂರಲಾರದಷ್ಟು ಸಣ್ಣ ಗವಾಕ್ಷಿ, ನಡುಮನೆಯ ಕಡೆಗೆ ತಗ್ಗು ಬಾಗಿಲು. ಬೆಳಕು ಬರಲು ಬೇರೆ ದಾರಿಯಿಲ್ಲ, ಹೊಗೆ ಹೋಗಲು ದಾರಿಯೇ ಇಲ್ಲ. ನಾಡಹೆಂಚಿನ ಸಂದಿಗಳಲ್ಲಿ ಎಷ್ಟು ನುಸುಳುತ್ತದೋ ಅಷ್ಟೇ. ಜಂತೆಗಳಿಂದ ಮಸಿ ಹಿಡಿದ ಜೇಡರಬಲೆಯ ಇಲ್ಲಣ ಹಗ್ಗದಂತೆ ಜೋತಾಡುತ್ತಿತ್ತು. ಗಾಳಿ ಬೀಸಿದರೆ ಅದರ ಚೂರು ಹಿಟ್ಟಿನ ಮಡಕೆಗೆ ಉದುರುತ್ತಿತ್ತು. ಸಾಲದ್ದಕ್ಕೆ ಒಣಗಿದ ಒಳ್ಳೆಯ ಸೌದೆಯೆಲ್ಲ ಬ್ಯಾರನ್ನಿನ ಪಾಲು. ಎಚ್.ಡಿ. ಕೋಟೆಯ ಕಾಡಿನಂಚಿನಿಂದ ಗಾಡಿಯ ಮೇಲೆ ಗಾಡಿ ಬರುತ್ತಿದ್ದ ದಿಮ್ಮಿಗಳನ್ನು ಸೀಳಿ, ಬ್ಯಾರನ್ನಿನ ಚಪ್ಪರದ ಕೆಳಗೆ ಮಳೆಗೆ ನೆನೆಯದಂತೆ ಪೇರಿಸುತ್ತಿದ್ದರು. ಅಡುಗೆಗೆ ಕೊಡುತ್ತಿದ್ದದ್ದು ಬೇಲಿಯ ಹಸಿ ಕಡ್ಡಿ, ಒದ್ದೆ ಬೆರಣಿ, ಸೊಪ್ಪು ಮುರಿದಾದ ಮೇಲೆ ಹೊಲದಲ್ಲಿ ಉಳಿದ ಹೊಗೆಸೊಪ್ಪಿನ ದಂಟು. ಆ ದಂಟಿನ ಹೊಗೆಯನ್ನು ಉಸಿರಾಡದವರಿಗೆ ಅದನ್ನು ವಿವರಿಸುವುದು ಕಷ್ಟ. ಗಂಟಲಿನೊಳಗೆ ಯಾರೋ ಮೆಣಸಿನಕಾಯಿ ಉಜ್ಜಿದ ಹಾಗೆ ಆಗುತ್ತದೆ. ಮೊದಲು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಊದುಗೊಳವೆ ಹಿಡಿದ ಕೈ ದಿಕ್ಕು ತಪ್ಪುತ್ತದೆ. ನಾನು ಬೆಂಕಿ ಊದಲು ಕಲಿತದ್ದು ಕಣ್ಣು ಮುಚ್ಚಿಕೊಂಡೇ.

ಅಪ್ಪನ ತಾಯಿ, ನಮ್ಮಜ್ಜಿ, ಆ ಕೋಣೆಯಲ್ಲಿ ಇಡೀ ಆಯುಷ್ಯ ಕಳೆದು ಕಣ್ಣು ಕಳೆದುಕೊಂಡಿದ್ದಳು. ಎರಡು ಕಣ್ಣೂ ಹಾಲಿಗೆ ನೀರು ಬೆರೆಸಿದ ಹಾಗಿದ್ದವು. ಒಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ನೋಡಿ, "ಒಲೆಯ ಮುಂದೆ ಕೂರಬಾರದು" ಎಂದರಂತೆ. ಒಲೆಯ ಮುಂದೆ ಕೂರದೆ ಒಂದು ಹೆಂಗಸು ಈ ಲೋಕದಲ್ಲಿ ಎಲ್ಲಿ ಕೂರಬೇಕೆಂದು ಅವರು ಹೇಳಲಿಲ್ಲ, ಅಪ್ಪ ಕೇಳಲಿಲ್ಲ. ಬಸ್ಸಿಳಿದು ಮನೆಗೆ ಬಂದವಳೇ ಅಜ್ಜಿ ಸೀದಾ ಒಲೆಯ ಮುಂದೆ ಕೂತಳಂತೆ. ಅಜ್ಜಿಗೆ ಅದರ ಬಗ್ಗೆ ದೂರಿರಲಿಲ್ಲ, ಬದಲಿಗೆ ಒಂದು ಥರದ ಗತ್ತಿತ್ತು. ಅವ್ವ ಕೆಮ್ಮಿದರೆ ಮೂಲೆಯಿಂದ ಅವಳ ದನಿ ಬರುತ್ತಿತ್ತು:

"ಹೊಗೆ ಕುಡೀದೆ ಅಡುಗೆ ಮಾಡಕಾಯ್ತದಾ? ನಾವೇನು ಕೆಮ್ಮಲಿಲ್ವಾ? ಕೆಮ್ಮಿ ಕೆಮ್ಮಿ ಏಳು ಮಕ್ಕಳ ಸಾಕಲಿಲ್ವಾ?"

ಗಂಡಸರು ಊಟಕ್ಕೆ ಕೂರುತ್ತಿದ್ದದ್ದು ಪಡಸಾಲೆಯಲ್ಲಿ. ಅಲ್ಲಿ ದೊಡ್ಡ ಗಡಿಯಾರವಿತ್ತು, ಶಿವನ ಪಟವಿತ್ತು, ಕಂಪನಿಯವರು ಬಂದರೆ ಕೂರಲೆಂದು ಮಾಡಿಸಿದ ತೋಳುಕುರ್ಚಿಗಳಿದ್ದವು, ಎರಡು ಕಡೆಯಿಂದ ಗಾಳಿ ಇತ್ತು. ಅಪ್ಪ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ, ಮಣೆಯ ಮೇಲೆ ಕೂತು ಮುದ್ದೆಯ ಮೊದಲ ತುತ್ತನ್ನು ಸಾರಿಗೆ ಅದ್ದಿ ಬಾಯಿಗಿಟ್ಟುಕೊಳ್ಳುವನು. ಆಮೇಲೆ ಮುಖ ಕಿವುಚುವನು. ಮಳೆಗಾಲದಲ್ಲಿ ಇದು ತಪ್ಪಿದ್ದಿಲ್ಲ.

"ಏನೇ ಇದು, ಉಪ್ಸಾರೋ ಹೊಗೆ ಸಾರೋ? ಬಾಯಿಗಿಡಂಗಿಲ್ಲ."

ಅವ್ವ ಬಾಗಿಲ ಮರೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಾರಿಗೆ ಹತ್ತಿದ ಹೊಗೆ ಅಪ್ಪನ ನಾಲಗೆಗೆ ತಿಳಿಯುತ್ತಿತ್ತು. ಅದೇ ಹೊಗೆ ಸಾರು ಮಾಡಿದವಳ ಒಳಕ್ಕೆ ಎಷ್ಟು ಹೋಗಿರಬಹುದು ಎಂಬ ಲೆಕ್ಕ ಮಾತ್ರ ಆ ಸೈನ್ಸು ಬಲ್ಲ ತಲೆಗೆ ಒಮ್ಮೆಯೂ ಹೊಳೆಯಲಿಲ್ಲ.

ಒಂದು ಸಲ ಸೊಪ್ಪಿನ ಸುಗ್ಗಿಯಲ್ಲಿ ಕಂಪನಿಯ ಇನ್ಸ್‌ಪೆಕ್ಟರು ನಮ್ಮಲ್ಲಿ ಊಟಕ್ಕೆ ನಿಂತ. ಮೈಸೂರಿನವನು, ಬಿಳಿ ಷರಾಯಿ, ತಲೆಗೆ ಬೆಂಡಿನ ಟೋಪಿ. ತನ್ನ ಟೋಪಿಗೆ ಮಸಿ ಹತ್ತೀತೆಂದು ನಡುಮನೆಯನ್ನೂ ದಾಟಲಿಲ್ಲ. ಅಪ್ಪ ಅವನೆದುರು ಹಲ್ಲು ಕಿರಿಯುತ್ತ ನಿಂತಿದ್ದ ಭಂಗಿ ನೆನೆದರೆ ಇವತ್ತಿಗೂ ನನಗೆ ಮುಜುಗರವಾಗುತ್ತದೆ. ಊಟ ಮುಗಿಸಿ ಕೈ ತೊಳೆಯಲು ಇನ್ಸ್‌ಪೆಕ್ಟರು ಹೊರಗಿನಿಂದ ಮನೆಯನ್ನು ಬಳಸಿ ಹಿತ್ತಿಲಿಗೆ ಬಂದಾಗ ಚೊಂಬು ಹಿಡಿದು ನಿಂತಿದ್ದವಳು ಅವ್ವ. ಹೊರಗಿನ ಗಂಡಸಿನೊಡನೆ ಮಾತಾಡದವಳು, ಅವತ್ತು ಕೇಳಿಯೇ ಬಿಟ್ಟಳು:

"ಸ್ವಾಮಿ, ಒಂದು ಮಾತು. ಆ ಬ್ಯಾರನ್ನಲ್ಲಿ ಸೊಪ್ಪಿಗೆ ಹೊಗೆ ತಾಗುದ್ರೆ ಏನಾಯ್ತದೆ?"

ಇನ್ಸ್‌ಪೆಕ್ಟರು ಮಕ್ಕಳಿಗೆ ಹೇಳುವವನಂತೆ ನಕ್ಕ.

"ಕೆಟ್ಟುಹೋಗುತ್ತದಮ್ಮ. ಬಣ್ಣ ಹೋಗುತ್ತದೆ, ವಾಸನೆ ಹಿಡಿಯುತ್ತದೆ. ಸೊಪ್ಪು ಬಹಳ ನಾಜೂಕು, ನಿಮಗೆ ಗೊತ್ತಾಗುವುದಿಲ್ಲ."

"ಅಂಗಾ," ಎಂದಳು ಅವ್ವ. ಅಷ್ಟೇ. ಚೊಂಬನ್ನು ಕಲ್ಲಿನ ಮೇಲಿಟ್ಟು ಒಳಗೆ ಹೋದಳು.

ಆ ವರ್ಷದ ಮಳೆಗಾಲ ಬಿಟ್ಟೂಬಿಡದೆ ಹಿಡಿಯಿತು. ನನ್ನ ತಮ್ಮ ಶಿವಲಿಂಗು ಆಗ ತೊಟ್ಟಿಲ ಕೂಸು. ತೊಟ್ಟಿಲು ಅಡುಗೆಮನೆಯ ಜಂತೆಗೇ ಕಟ್ಟಿತ್ತು, ಅವ್ವ ಒಂದು ಕೈಯಲ್ಲಿ ಅದನ್ನು ತೂಗುತ್ತ ಇನ್ನೊಂದು ಕೈಯಲ್ಲಿ ಹಿಟ್ಟು ತೊಳಸಬೇಕಿತ್ತು. ಕೂಸಿಗೆ ಕೆಮ್ಮು ಹತ್ತಿತು. ಮೊದಮೊದಲು ಸಣ್ಣ ಕೆಮ್ಮು, ಆಮೇಲೆ ಕೆಮ್ಮಿ ಕೆಮ್ಮಿ ಮುಖ ನೇರಳೆಯಾಗುವಂಥದ್ದು. ಉಸಿರೆಳೆದುಕೊಂಡಾಗ ಪಕ್ಕೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಹುಣಸೂರಿನ ಆಸ್ಪತ್ರೆಗೆ ಹೋಗಬೇಕು, ಗಾಡಿ ಕಟ್ಟಿಸಿ ಎಂದು ಅವ್ವ ಅಂದರೆ ಅಪ್ಪ ಗಾಜಿನ ಬಿಲ್ಲೆಯಿಂದ ಕಣ್ಣು ಕೀಳದೆ ಹೇಳಿದ:

"ಬ್ಯಾರನ್ನಿಗೆ ಬೆಂಕಿ ಆಕಿವ್ನಿ ಕಣೇ. ಇದ ಬುಟ್ಬುಟ್ಟು ಎಲ್ಲಿಗೆ ಬರಲಿ? ಮಕ್ಕಳು ಅಂದ್ಮೇಲೆ ಕೆಮ್ಮತವೆ. ಓಮಿನ ಕಷಾಯ ಕೊಡು."

ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು. ಅವ್ವ ಓಮಿನ ಕಷಾಯ ಕೊಟ್ಟಳು.

ಅದಾದ ಮಾರನೆಯ ಬೆಳಿಗ್ಗೆ ಅಪ್ಪ ಬ್ಯಾರನ್ನಿನ ಬಾಗಿಲು ತೆರೆದು ಒಳಗೆ ಮೂಗಿಟ್ಟವನೇ ಕೂಗಿಕೊಂಡ. ಮನೆಯಲ್ಲಿ ಯಾರೋ ಸತ್ತರೆಂದು ನಾವೆಲ್ಲ ಓಡಿಹೋದೆವು. ಹಳೆಯ ಕೊಳವೆಯೊಂದು ತುಕ್ಕು ತಿಂದು ತೂತಾಗಿತ್ತು; ಬೆರಳಿನ ತುದಿಯಷ್ಟು ತೂತು. ಅದರಿಂದ ಸೋರಿದ ಹೊಗೆ ಕೆಳಗಿನ ಸಾಲಿನ ಸೊಪ್ಪಿಗೆ ತಾಗಿತ್ತು. ಅಪ್ಪನ ಮುಖ ಬಿಳುಚಿಕೊಂಡಿತ್ತು. ಎಲೆಯೊಂದನ್ನು ಮೂಸಿ ಮೂಸಿ ನೋಡಿ, ಸೊಪ್ಪು ಹೋಯಿತು, ನನ್ನ ಮಾನ ಹೋಯಿತು ಎಂದು ಬಡಬಡಿಸಿದ. ಹಿಂದಿನ ದಿನ ಸಿಗದ ಗಾಡಿ ಅವತ್ತು ನಾವು ನೋಡುತ್ತಿದ್ದಂತೆಯೇ ಸಿಕ್ಕಿತು. ಎತ್ತು ಕಟ್ಟಿದರು, ಗಾಡಿ ಮಳೆಯಲ್ಲೇ ಹುಣಸೂರಿಗೆ ಓಡಿತು, ಸಂಜೆಯೊಳಗೆ ತಗಡಿನ ಕೆಲಸದ ರಹೀಂ ಸಾಬಿಯನ್ನೂ ಹೊಸ ಕೊಳವೆಗಳನ್ನೂ ಹೊತ್ತು ತಂದಿತು. ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತು ಅಷ್ಟನ್ನೂ ನೋಡಿದಳು. ಹೋಗುವ ಗಾಡಿ, ಬರುವ ಗಾಡಿ, ಅದರಿಂದ ಇಳಿದ ತಗಡು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಒಂಚೂರು ಅರಳಿತ್ತು, ಕೆಟ್ಟುಹೋದ ಹಾಲನ್ನು ಚೆಲ್ಲುವ ಮೊದಲು ನೋಡುವ ಹಾಗೆ. ಅಸಹ್ಯವೆಂದರೇನು ಎಂಬುದನ್ನು ನಾನು ಆ ಮುಖದಿಂದ ಕಲಿತೆ.

ತೆಗೆದುಹಾಕಿದ ಹಳೆಯ ಕೊಳವೆಗಳು ಕೊಟ್ಟಿಗೆಯ ಹಿಂದೆ ಬಿದ್ದಿದ್ದವು. ಕೆಲವಕ್ಕೆ ಏನೂ ಆಗಿರಲಿಲ್ಲ. ಬ್ಯಾರನ್ನಿನ ರಿಪೇರಿ ಮುಗಿಸಲು ರಹೀಂ ಸಾಬಿ ಮತ್ತೆ ಬಂದ ದಿನ ಅಪ್ಪ ಗೋಣಿಯಲ್ಲಿ ಕಟ್ಟಿದ ಸೊಪ್ಪಿನ ಬೇಲುಗಳ ಜೊತೆ ಕಂಪನಿಯ ಡಿಪೋಗೆ ಹೋಗಿದ್ದ. ಎರಡು ಮೂರು ದಿನ ಬರುವವನಲ್ಲ. ಅವ್ವ ಸಾಬಿಯನ್ನು ಅಡುಗೆಮನೆಗೆ ಕರೆದು ಒಲೆಯನ್ನೂ ಮಾಡನ್ನೂ ತೋರಿಸಿದಳು.

"ಇಲ್ಲಿಂದ ಅಲ್ಲಿಗೆ ಒಂದು ಕೊಳವೆ ನಿಲ್ಸಕಾಯ್ತದಾ ಸಾಬ್ರೆ?"

ಸಾಬಿ ತಲೆ ಕೆರೆದುಕೊಂಡ. "ನಿಲ್ಸೋದು ನಿಲ್ಸ್ತೀನಿ ಅಮ್ಮ. ಹೊಗೆ ಹೋಗ್ತದೋ ಇಲ್ವೋ ಅಲ್ಲಾನೇ ಬಲ್ಲ. ಅಡಿಗೆಮನೆಗೆ ನಾನು ಯಾವತ್ತೂ ಮಾಡಿಲ್ಲ. ಯಜಮಾನ್ರು ಬಂದ್ರೆ ನನ್ನ ಬಯ್ಯಬಾರ್ದು."

"ಬಯ್ಯದು ನನ್ನ. ನೀವು ಮಾಡಿ."

ಮೂರು ಕಲ್ಲಿನ ಒಲೆಯ ಸುತ್ತ ಅವ್ವ ಹುತ್ತದ ಮಣ್ಣು, ಸಗಣಿ, ಹೊಟ್ಟು ಕಲಸಿ ಗೂಡು ಕಟ್ಟಿದಳು. ಹಿಂದೆ ತೂತು ಬಿಟ್ಟು ಅದಕ್ಕೆ ಕೊಳವೆ ಕೂರಿಸಿದರು. ನಾನು ಮಣ್ಣು ತುಳಿದೆ. ಹೆಂಚು ಸರಿಸಿ ಕೊಳವೆಯನ್ನು ಹೊರಕ್ಕೆ ಹಾಯಿಸಿ ಸಾಬಿ ಹೋದ. ಮಣ್ಣು ಒಣಗಲೆಂದು ಎರಡು ದಿನ ಕಾದು ಅವ್ವ ಬೆಂಕಿ ಹೊತ್ತಿಸಿದಳು. ಹೊಗೆ ಕೊಳವೆಯೊಳಕ್ಕೆ ಹೋಯಿತು, ಒಂದು ಗಳಿಗೆ ಯೋಚಿಸಿದಂತೆ ನಿಂತಿತು, ಆಮೇಲೆ ಬುಸ್ಸೆಂದು ವಾಪಸು ಬಂತು. ಹೊರಗೆ ಗಾಳಿ ಬೀಸಿದಾಗಲೆಲ್ಲ ಒಲೆಯ ಬಾಯಿಂದ ಹೊಗೆಯ ಮುದ್ದೆಯೇ ಉಗುಳಿಕೊಂಡು ಬರುತ್ತಿತ್ತು. ಹಿಂದೆಂದೂ ಇರದಷ್ಟು ಹೊಗೆ. ಅಜ್ಜಿ ಮೂಲೆಯಲ್ಲಿ ಕೆಮ್ಮುತ್ತ, "ನಾನೇಳ್ನಿಲ್ವಾ, ನಾನೇಳ್ನಿಲ್ವಾ" ಎನ್ನತೊಡಗಿದಳು. ಸರಿಯಾಗಿ ಆ ಹೊತ್ತಿಗೆ ಅಪ್ಪ ಡಿಪೋದಿಂದ ಬಂದ.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಅಷ್ಟು ಕೆಟ್ಟದೆನಿಸುತ್ತಿರಲಿಲ್ಲ. ನಕ್ಕ. ಜಗುಲಿಯ ಮೇಲೆ ಕೂತಿದ್ದ ಊರಿನ ನಾಲ್ಕು ಗಂಡಸರನ್ನೂ ಒಳಕ್ಕೆ ಕರೆದು ತೋರಿಸಿ ನಕ್ಕ. ಮಸಿ ಮೆತ್ತಿದ ಮುಖದಲ್ಲಿ ನಿಂತಿದ್ದ ಅವ್ವನ ಎದುರಲ್ಲೇ ಅವರಿಗೆಲ್ಲ ಪಾಠ ಶುರುಮಾಡಿದ. ಕೇಳುವವರು ಸಿಕ್ಕರೆ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ.

"ಕೊಳವೆ ನಿಲ್ಸ್ಬುಟ್ರೆ ಚಿಮಣಿ ಆಯ್ತದಾ? ಅದು ಮಾಡಿನ ನೆತ್ತಿಗಿಂತ ಒಂದಾಳು ಮ್ಯಾಲಿರಬೇಕು. ಕೆಳಗಿದ್ರೆ ಮಾಡಿಗೆ ಬಡಿದ ಗಾಳಿ ಸೀದಾ ಕೊಳವೆ ಒಳಗೇ ಇಳೀತದೆ. ಒಲೆ ಬಾಯಿ ನೋಡಿ, ಎಮ್ಮೆ ಬಾಯಿ ಇದ್ದಂಗದೆ. ತಣ್ಣನೆ ಗಾಳಿ ನುಗ್ಗುದ್ರೆ ಚಿಮಣಿ ಬಿಸಿಯಾಗದೆಂಗೆ? ಬಿಸಿಯಾಗದೆ ಎಳೆಯದೆಂಗೆ? ಪಾತ್ರೆ ಸುತ್ತ ಸಂದಿ ಬುಟ್ಟವ್ಳೆ, ಅಲ್ಲೆಲ್ಲ ಹೊಗೆ ಸೋರ್ತದೆ. ಕೊಳವೆಗೆ ಒಂದು ತಟ್ಟೆ ಆಕಿ ಬೇಕಾದಷ್ಟೇ ಬಿಟ್ಕಬೇಕು. ಎಂಗಸ್ರಿಗೆ ಇದೆಲ್ಲ ಎಲ್ಲಿ ತಿಳೀತದೆ!"

ಗಂಡಸರು ತಲೆದೂಗಿದರು. ಅವ್ವ ತಲೆ ತಗ್ಗಿಸಿ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಮಾರನೆಯ ದಿನ ಅಪ್ಪ ಹೊಲಕ್ಕೆ ಹೋದದ್ದೇ ತಡ, ಆಳಿನ ಕೈಲಿ ಏಣಿ ಹಾಕಿಸಿ ಉಳಿದಿದ್ದ ಕೊಳವೆಗಳನ್ನು ಒಂದರ ಮೇಲೊಂದು ಸಿಕ್ಕಿಸಿ ಮಾಡಿನ ನೆತ್ತಿಯ ಮೇಲೆ ಒಂದಾಳು ಎತ್ತರ ನಿಲ್ಲಿಸಿದಳು. ಒಲೆಯ ಬಾಯನ್ನು ಮಣ್ಣಿನಿಂದ ಕಿರಿದು ಮಾಡಿದಳು. ಮಡಕೆ ಗಟ್ಟಿಯಾಗಿ ಕೂರುವಂತೆ ಅಂಚು ಕಟ್ಟಿದಳು. ಒಡೆದ ತವದ ಚೂರೊಂದನ್ನು ಕೊಳವೆಯ ಬುಡದ ಸೀಳಿನೊಳಗೆ ತೂರಿಸಿ, ಅದನ್ನು ಎಳೆದು ತಳ್ಳಿ ಮಾಡುವಂತೆ ಇಟ್ಟಳು. ಬೆಂಕಿ ಹೊತ್ತಿಸಿದಳು. ಈ ಸಲ ಹೊಗೆ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಒಲೆ ಗುಂಯ್ ಎಂದು ಸಣ್ಣಗೆ ಸದ್ದು ಮಾಡತೊಡಗಿತು. ನಾನು ಹಿತ್ತಿಲಿಗೆ ಓಡಿಹೋಗಿ ಮೇಲೆ ನೋಡಿದೆ. ನಮ್ಮ ಅಡುಗೆಮನೆಯ ಹೊಗೆ ಹೆಂಚಿಗೂ ತಾಗದೆ ಬೇರೆ ಯಾರದೋ ಮನೆಯದೆಂಬಂತೆ ದೂರದಲ್ಲಿ ಹೋಗುತ್ತಿತ್ತು. ಒಳಗೆ ಬಂದರೆ ಅವ್ವ ಒಲೆಯ ಮುಂದೆ ಕಣ್ಣು ಬಿಟ್ಟುಕೊಂಡು ಕೂತಿದ್ದಳು. ಅಡುಗೆ ಮಾಡುವಾಗ ಅವಳ ಕಣ್ಣು ತೆರೆದಿದ್ದದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಅಪ್ಪನ ಸೈನ್ಸು ನಿಜವಾಗಿತ್ತು. ಅದನ್ನು ನೋಡಿ ಅವನು ಸಂತೋಷಪಡಬೇಕಿತ್ತು. ಆದರೆ ಜಗುಲಿಯ ಗಂಡಸರಲ್ಲೊಬ್ಬ ಮಾಡಿನ ಮೇಲಿನ ಕೊಳವೆ ನೋಡಿ, "ಏನ್ ಯಜಮಾನ್ರೇ, ಎರಡು ಬ್ಯಾರನ್ ಆದ್ವಲ್ಲ! ಒಂದ್ರಲ್ಲಿ ಸೊಪ್ಪು, ಇನ್ನೊಂದ್ರಲ್ಲಿ ಎಂಡ್ರೋ?" ಎಂದು ಗೇಲಿ ಮಾಡಿದ. ಅಷ್ಟು ಸಾಕಾಯಿತು. ಸೊಪ್ಪಿಗೆ ಚಿಮಣಿ ಕಟ್ಟಿದವನು ಜಾಣ, ಹೆಂಡತಿಗೆ ಕಟ್ಟಿದವನು ಹೆಣ್ಣಿಗ. ನಮ್ಮ ಕಡೆಯ ಗಂಡಸುತನದ ತೂಕ ಅಷ್ಟೇ. ಅಪ್ಪ ದಡದಡನೆ ಬಂದು ಆಳನ್ನು ಮಾಡಿಗೆ ಹತ್ತಿಸಿ ಕೊಳವೆ ಕೀಳಿಸಿದ. ಕೊಳವೆ ಅಂಗಳಕ್ಕೆ ಬಿದ್ದ ಸದ್ದಿಗೆ ಕೂಸು ಬೆಚ್ಚಿ ಅಳತೊಡಗಿತು, ಅಳುತ್ತಲೇ ಕೆಮ್ಮತೊಡಗಿತು.

ಅವ್ವ ಒಲೆಯ ಕೆಂಡವನ್ನು ನೀರು ಚಿಮುಕಿಸಿ ಆರಿಸಿದಳು. ಹಿತ್ತಿಲಿಂದ ಮಂಕರಿಗೆ ಮೂರು ಕಲ್ಲು ತುಂಬಿಕೊಂಡು ಪಡಸಾಲೆಗೆ ಬಂದಳು. ಶಿವನ ಪಟಕ್ಕೆ ಕೈಮುಗಿದಳು. ಗಡಿಯಾರದ ಕೆಳಗೆ, ತೋಳುಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ, ನಡು ಪಡಸಾಲೆಯಲ್ಲಿ ಕಲ್ಲು ಹೂಡಿದಳು. ಒದ್ದೆ ಹೊಗೆಸೊಪ್ಪಿನ ದಂಟು ತಂದು ಬೆಂಕಿ ಹಾಕಿ ಹಿಟ್ಟಿನ ಎಸರಿಟ್ಟಳು. ನಾನು ಅವಳ ಪಕ್ಕದಲ್ಲಿ ಕೂತು ಊದಿದೆ. ಜೀವನದಲ್ಲಿ ಅಷ್ಟು ಮನಸ್ಸಿಟ್ಟು ನಾನು ಬೆಂಕಿ ಊದಿದ್ದಿಲ್ಲ. ಹೊಗೆ ಪಟವನ್ನು ಮುಚ್ಚಿತು, ಗಡಿಯಾರವನ್ನು ಮುಚ್ಚಿತು, ಗೂಟಕ್ಕೆ ಹಾಕಿದ್ದ ಅಪ್ಪನ ಇಸ್ತ್ರಿ ಅಂಗಿಯನ್ನು ಮುಚ್ಚಿತು. ಅಪ್ಪ ಒಳಗೆ ಬಂದವನು ಬಾಗಿಲಲ್ಲೇ ಕಣ್ಣುಜ್ಜಿಕೊಂಡು ಕೆಮ್ಮಿದ.

"ಲೇ, ಏನೇ ಇದು? ತಲೆ ಕೆಟ್ಟದಾ ನಿಂಗೆ? ಇದು ಮನುಷ್ಯರು ಕೂರೋ ಜಾಗ!"

ಅವ್ವ ತಿರುಗಿ ನೋಡಲಿಲ್ಲ. "ಅದ್ಕೇ ಬಂದಿವ್ನಿ," ಎಂದಳು.

ಅಪ್ಪ ಕೈಯೆತ್ತಿಕೊಂಡು ಮುಂದೆ ಬಂದ. ಆಗ ನಡುಮನೆಯ ಬಾಗಿಲಿಂದ ಗೋಡೆ ತಡವುತ್ತ ಅಜ್ಜಿ ಬಂದಳು. ಅಜ್ಜಿ ಯಾವಾಗಲೂ ಮಗನ ಪರ. ಅವಳು ಹೊಗೆಯ ವಾಸನೆ ಹಿಡಿದು ನಡೆದುಬಂದು, ಅವ್ವನ ಹೆಗಲನ್ನು ಮುಟ್ಟಿ ನೋಡಿ, ಅವಳಿಗೂ ಅಪ್ಪನಿಗೂ ನಡುವೆ ಕುಕ್ಕರುಗಾಲಲ್ಲಿ ಕೂತಳು. ಎದುರಿಗೆ ಕೆಮ್ಮುತ್ತಿದ್ದ ಮಗನ ಕಡೆಗೆ ಬಿಳಿಯ ಕಣ್ಣು ತಿರುಗಿಸಿದಳು.

"ಯಾಕ್ಲಾ ಕೆಮ್ಮೀಯೆ? ಇದು ನಿಮ್ಮವ್ವ ಕುಡಿದ ಹೊಗೆ ಕಣ್ಲಾ. ಒಂದು ದಿನ ನೀನೂ ಕುಡಿ." ಆಮೇಲೆ ಅವ್ವನಿಗೆ, "ಇನ್ನೊಂದು ದಂಟು ಆಕವ್ವ. ಉರಿ ಸಾಲದು," ಎಂದಳು.

ಅವತ್ತು, ಮಾರನೆಯ ದಿನ, ಅದರ ಮಾರನೆಯ ದಿನ ಅಡುಗೆಯಾದದ್ದು ಪಡಸಾಲೆಯಲ್ಲೇ. ಅಪ್ಪ ಬ್ಯಾರನ್ನಿನ ಚಪ್ಪರದಲ್ಲಿ ಕೂತು ಉಂಡ, ಅಲ್ಲೇ ಮಲಗಿದ. ಸೊಪ್ಪನ್ನು ಕಡ್ಡಿಗೆ ಕಟ್ಟಲು ಬರುತ್ತಿದ್ದ ಹೆಂಗಸರು ಪಡಸಾಲೆಯ ಕಿಟಕಿಯಿಂದ ಇಣುಕಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ಹೋಗುತ್ತಿದ್ದರು. ಕಂಪನಿಯ ಇನ್ಸ್‌ಪೆಕ್ಟರು ಬರುವ ದಿನ ಹತ್ತಿರವಾಯಿತು. ಹೆಂಡತಿಯ ಎದೆ, ಮಗನ ಉಸಿರು, ತಾಯಿಯ ಕಣ್ಣು ಇವು ಮೂರೂ ಮಾಡಲಾರದ ಕೆಲಸವನ್ನು ಆ ಬೆಂಡಿನ ಟೋಪಿ ಮಾಡಿತು. ಅಪ್ಪ ಹುಣಸೂರಿಗೆ ಗಾಡಿ ಕಳಿಸಿ ರಹೀಂ ಸಾಬಿಯನ್ನು ಕರೆಸಿದ. ತಾನೇ ಏಣಿಯ ಕೆಳಗೆ ನಿಂತು, ಅಲ್ಲಿ ಹಿಡಿ, ಇಲ್ಲಿ ಬಿಗಿ ಎಂದು ಗದರುತ್ತ ಕೊಳವೆ ಹಾಕಿಸಿದ. ಅವ್ವ ಪಡಸಾಲೆಯ ಕಲ್ಲುಗಳನ್ನು ಎತ್ತಿ, ನೆಲ ಸಾರಿಸಿ, ಅಡುಗೆಮನೆಗೆ ಹೋದಳು. ಕೂಸು ಬದುಕಿತು. ಹುಣಸೂರಿನ ಆಸ್ಪತ್ರೆಗೆ ಅವ್ವ ಅದನ್ನು ರಹೀಂ ಸಾಬಿ ವಾಪಸಾಗುವ ಗಾಡಿಯಲ್ಲೇ ಎತ್ತಿಕೊಂಡು ಹೋದಳು, ಯಾರನ್ನೂ ಕೇಳಲಿಲ್ಲ.

ಇನ್ಸ್‌ಪೆಕ್ಟರು ಬಂದ. ಅಪ್ಪ ಅವನನ್ನು ಬ್ಯಾರನ್ನಿಗೆ ಕರೆದುಕೊಂಡು ಹೋದ. ಆಮೇಲೆ ಅಡುಗೆಮನೆಗೆ ಕರೆತಂದು, ಅವ್ವ ಸೆರಗು ಹೊದ್ದು ಮೂಲೆಗೆ ಸರಿಯುತ್ತಿದ್ದಂತೆ, ಎದೆ ಸೆಟೆಸಿ ಹೇಳಿದ: "ಇದು ನಂದೇ ಐಡಿಯಾ ಸ್ವಾಮಿ. ಬ್ಯಾರನ್ನಲ್ಲಿ ಆಗದು ಇಲ್ಲಿ ಯಾಕಾಗಬಾರ್ದು ಅಂತ ಒಂದು ದಿನ ತಲೆಗೆ ಒಳೀತು." ಅಲ್ಲಿಂದ ಮುಂದೆ ಬಂದವರಿಗೆಲ್ಲ ಅದೇ ಪಾಠ. ಬಿಳಿಕೆರೆಯಿಂದ, ಸರಗೂರಿನಿಂದ ನೋಡಲು ಬಂದರು. ಅವರು ಮುಂಬಾಗಿಲಿನಿಂದ ಬಂದು ಅಪ್ಪನ ಮಾತು ಕೇಳಿ ಹೋಗುತ್ತಿದ್ದರು. ಅವರ ಹೆಂಡಂದಿರು ಇನ್ನೊಂದು ದಿನ ಹಿತ್ತಿಲಿನಿಂದ ಬಂದು ಅವ್ವನಿಂದ ಮಣ್ಣಿನ ಹದ ಕೇಳಿಕೊಂಡು ಹೋಗುತ್ತಿದ್ದರು. ಮುಂದೆ ನಾನು ಓದಿ ತಿಳಿದದ್ದು: ಈ ಸೊಪ್ಪನ್ನು ಹಾಗೆ ಹೊಂಬಣ್ಣಕ್ಕೆ ಕಾಯಿಸುವ ಮೊದಲ ಗುಟ್ಟು ಹೊಳೆದದ್ದು ಅಮೆರಿಕದ ಹೊಲವೊಂದರಲ್ಲಿ ಬೆಂಕಿ ಕಾಯುತ್ತಿದ್ದ ಒಬ್ಬ ಗುಲಾಮನಿಗಂತೆ, ಅದರಿಂದ ಮೇಲೆ ಬಂದವನು ಹೊಲದ ಒಡೆಯ. ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅಂಥ ಒಡೆಯನೊಬ್ಬನ ಕೈಕೆಳಗೆ ನಾನು ಬೆಳೆದಿದ್ದೆ.

ಶಿವಲಿಂಗು ಈಗಲೂ ಇದ್ದಾನೆ. ಚಳಿಗಾಲ ಬಂತೆಂದರೆ ಉಬ್ಬಸದ ಪಂಪನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಬೇಕು. ಎರಡು ಸಲ ಅದನ್ನು ಬಾಯಿಗೆ ಒತ್ತಿಕೊಂಡು, ಉಸಿರು ಹಿಡಿದು ಬಿಟ್ಟು, "ಅಪ್ಪ ಏನೇ ಆಗ್ಲಿ, ತನ್ನ ಕಾಲಕ್ಕಿಂತ ಮುಂದಿದ್ದೋನು ಕಣಕ್ಕ," ಎನ್ನುತ್ತಾನೆ. ನಾನು ಅವನಿಗೆ ಉತ್ತರ ಕೊಡುವುದಿಲ್ಲ. ಕೊಟ್ಟರೆ ಅವನಿಗೆ ಕೆಮ್ಮು ಬರುತ್ತದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಸಂಬಂಧಗಳು ಬರತೊಡಗಿದವು. ಕೆ.ಆರ್. ನಗರದ ಕಡೆಯಿಂದ, ಭೇರ್ಯದ ಹತ್ತಿರದ ಒಂದು ಮನೆಯಿಂದ ಮೊದಲು ಬಂತು. ನಾಲೆ ನೀರಿನ ಗದ್ದೆ, ದೊಡ್ಡ ತೊಟ್ಟಿಮನೆ, ಹೊಸದಾಗಿ ತಂದ ಪಂಪ್‌ಸೆಟ್ಟು. ಅಪ್ಪ ಅರ್ಧ ಒಪ್ಪಿಯೇ ಬಿಟ್ಟಿದ್ದ. ಮನೆ ನೋಡಲು ಹೋದಾಗ ಅವ್ವ ನಾನೂ ಬರುತ್ತೇನೆಂದು ಹಟ ಹಿಡಿದು ಹೋದಳು. ಗಂಡಸರು ಪಂಪ್‌ಸೆಟ್ಟನ್ನು ಓಡಿಸಿ, ಅದರ ನೀರು ಧುಮ್ಮಿಕ್ಕುವುದನ್ನು ಅಪ್ಪನಿಗೆ ತೋರಿಸುತ್ತಿದ್ದರಂತೆ. ಅವ್ವ ಕಾಫಿಯನ್ನು ಮುಟ್ಟದೆ ಸೀದಾ ಅಡುಗೆಮನೆಗೆ ನಡೆದು, ಅಲ್ಲಿನ ಒಲೆಯ ಮುಂದೆ ನಿಂತು, ಕತ್ತೆತ್ತಿ ಮಾಡನ್ನು ನೋಡಿದಳಂತೆ. ಒಲೆಯ ಮುಂದೆ ಕೂತಿದ್ದ ಆ ಮನೆಯ ಸೊಸೆಯನ್ನು ಮಾತಾಡಿಸಿ ಅವಳ ಕಣ್ಣನ್ನೂ ನೋಡಿದಳಂತೆ. ಹೊರಗೆ ಬಂದು ಬೇಡ ಎಂದಳು. ಊರಿಗೆ ಬರುವ ದಾರಿಯುದ್ದಕ್ಕೂ ಅಪ್ಪ ಕೂಗಾಡಿದ.

"ಪಂಪ್‌ಸೆಟ್ ಇರೋ ಮನೆ ಕಣೇ! ಆ ಸೀಮೇಲೇ ಮೊದಲ್ನೇದು!"

"ಪಂಪ್‌ಸೆಟ್ಟನ್ನ ಮದುವೆ ಆಗಾದಾದ್ರೆ ನೀವೇ ಆಗಿ," ಎಂದಳಂತೆ ಅವ್ವ. "ನನ್ನ ಮಗಳು ಕೂರದು ಒಳಗೆ."

ಆಮೇಲೆ ಪಿರಿಯಾಪಟ್ಟಣದ ಕಡೆಯ ಮನೆ ಬಂತು. ಅಲ್ಲಿ ರೇಡಿಯೋ ಇತ್ತು. ಸರಗೂರಿನ ಮನೆ ಬಂತು. ಅಲ್ಲಿ ಮೋಟಾರು ಕಾರೇ ಇತ್ತು. ಅವ್ವ ಎಲ್ಲ ಕಡೆಗೂ ಹೋದಳು, ಎಲ್ಲ ಕಡೆಯೂ ಅಡುಗೆಮನೆಗೆ ಹೋಗಿ ಕತ್ತೆತ್ತಿ ನೋಡಿ ವಾಪಸು ಬಂದಳು. ಮದುವೆ ಗೊತ್ತಾಗುವ ತನಕ ಹುಡುಗಿ ಮನೆಯಲ್ಲಿ ಸುಮ್ಮನೆ ಕೂರುವುದೇಕೆ, ಮುಂದಕ್ಕೆ ಓದಲಿ ಎಂದಳು. ಅಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಹೇಗೂ ನಾಲ್ಕು ದಿನದ ಮಾತು ಎಂದುಕೊಂಡ. ಆ ಮೂರು ನಾಲ್ಕು ತಾಲ್ಲೂಕುಗಳಲ್ಲಿ ಅವ್ವನಿಗೆ ಒಪ್ಪಿಗೆಯಾಗುವಂಥ ಒಂದು ಅಡುಗೆಮನೆ ಸಿಗುವಷ್ಟರಲ್ಲಿ ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಪದವಿ ಮುಗಿಸಿದ್ದೆ.